ರಣಹದ್ದುಗಳೂ ಜಾಣಪೆಟ್ಟಿಗೆಯೂ

ಕರಿಬಂಡೆಯ ಗುಡ್ಡಗಳು ಸುತ್ತುವರಿದ ಒಂದು ಕಾಡಿನಲ್ಲಿ, ಸತ್ತ ಪ್ರಾಣಿಗಳನ್ನು ತೆರವು ಮಾಡುವ ಕೆಲಸ ರಣಹದ್ದುಗಳ ಪಾಲಿಗೆ ಬಂದಿತ್ತು. ಕಾಡಿನ ನಡುವೆ ಇದ್ದದ್ದು ಒಂದೇ ಕೊಳ. ಆನೆಯಿಂದ ಅಳಿಲಿನವರೆಗೆ ಎಲ್ಲರೂ ಅದರ ನೀರನ್ನೇ ಕುಡಿಯಬೇಕು. ಎಲ್ಲೋ ಒಂದು ಕಡವೆ ಸತ್ತು ಬಿದ್ದರೆ, ಮೂರನೆಯ ದಿನಕ್ಕೆ ಅಲ್ಲಿ ಬಿಳಿ ಎಲುಬು ಮಾತ್ರ ಉಳಿಯುತ್ತಿತ್ತು. ಕೊಳೆತದ್ದು ಹರಿದು ಬಂದು ಕೊಳ ಸೇರುತ್ತಿರಲಿಲ್ಲ. ಅದಕ್ಕಾಗಿ ಯಾರೂ ಹದ್ದುಗಳಿಗೆ ಒಂದು ಒಳ್ಳೆಯ ಮಾತು ಹೇಳಿದ್ದಿಲ್ಲ. ಅವು ನೀರಿಗೆ ಬಂದರೆ ಜಿಂಕೆಗಳು ಮೂಗು ಮುರಿದು ಆಚೆ ದಡಕ್ಕೆ ಹೋಗುತ್ತಿದ್ದವು.

ಹದ್ದುಗಳು ಒಟ್ಟು ನಲವತ್ತು. ಅವರಲ್ಲಿ ಹಿರಿಯಳು ತಿಪ್ಪವ್ವ. ಕುತ್ತಿಗೆಯ ಪುಕ್ಕವೆಲ್ಲ ಉದುರಿ, ಎಡರೆಕ್ಕೆ ಸ್ವಲ್ಪ ಜೋತುಬಿದ್ದ ಮುದುಕಿ. ಹೆಣ ಕಂಡ ಕೂಡಲೇ ಹದ್ದುಗಳು ಮೇಲೆ ಬೀಳುತ್ತಿರಲಿಲ್ಲ. ಆಕಾಶದಲ್ಲೇ ಸುತ್ತು ಹಾಕುತ್ತಿದ್ದವು. ಕೆಲವೊಮ್ಮೆ ನಾಲ್ಕು ಸುತ್ತು, ಕೆಲವೊಮ್ಮೆ ಅರ್ಧ ದಿನ. ಆಮೇಲೆ ತಿಪ್ಪವ್ವ ಒಬ್ಬಳೇ ಇಳಿದು, ದೂರದಿಂದ ಕುಂಟುತ್ತಾ ಹೋಗಿ, ಹೆಣವನ್ನು ಒಂದು ಸುತ್ತು ನೋಡಿ ಬರುತ್ತಿದ್ದಳು. "ಹೂಂ" ಎಂದರೆ ಎಲ್ಲರೂ ಇಳಿಯುತ್ತಿದ್ದರು. "ಬೇಡ" ಎಂದರೆ ಯಾರೂ ಕೊಕ್ಕು ತಾಗಿಸುತ್ತಿರಲಿಲ್ಲ. ಕಾಡುಹಂದಿಗಳನ್ನು ಕರೆದು ಅದರ ಮೇಲೆ ಮಣ್ಣು ಎಳೆಸುತ್ತಿದ್ದರು. ಐವತ್ತಕ್ಕೆ ಒಂದು ಹೆಣಕ್ಕೆ ಹೀಗೆ "ಬೇಡ" ಬರುತ್ತಿತ್ತು.

ತಿಪ್ಪವ್ವ ಇದನ್ನು ಕಲಿತದ್ದು ಸುಮ್ಮನೆ ಅಲ್ಲ. ಅವಳು ಚಿಕ್ಕವಳಿದ್ದಾಗ ಕಾಡಿನ ಅಂಚಿನಲ್ಲಿ ಯಾರೋ ಮನುಷ್ಯರು ಚಿರತೆಯ ಮೇಲಿನ ಸಿಟ್ಟಿಗೆ ಸತ್ತ ಹಸುವಿನ ಮೈಗೆ ವಿಷ ತುಂಬಿ ಹೋಗಿದ್ದರು. ಚಿರತೆ ಬರಲಿಲ್ಲ. ತಿಪ್ಪವ್ವನ ತಾಯಿ ಬಂದಳು. ತಾಯಿ ಕುತ್ತಿಗೆ ಜೋಲಿಸಿಕೊಂಡು ಎರಡು ದಿನ ಕೊಂಬೆಯ ಮೇಲೆ ಕೂತಿದ್ದು ಮೂರನೆಯ ದಿನ ಕೆಳಗೆ ಬಿದ್ದದ್ದನ್ನು ತಿಪ್ಪವ್ವ ಕಣ್ಣಾರೆ ಕಂಡಿದ್ದಳು. ಆ ಹಸುವಿನ ಮೇಲೆ ಒಂದೇ ಒಂದು ನೊಣ ಕೂತಿರಲಿಲ್ಲ. ಇರುವೆಗಳು ಹತ್ತಿರ ಬಂದು ಹಿಂದಿರುಗಿದ್ದವು. ಅಂದಿನಿಂದ ಅವಳು ಮೊದಲು ನೊಣ ನೋಡುತ್ತಿದ್ದಳು, ಇರುವೆ ನೋಡುತ್ತಿದ್ದಳು, ಕಾಗೆ ತಿಂದು ಹಾರಿತೋ ತಿಂದು ಕೂತಿತೋ ಎಂದು ನೋಡುತ್ತಿದ್ದಳು. ಅದಕ್ಕೆಲ್ಲ ಹೊತ್ತು ಬೇಕು. ಆ ಹೊತ್ತಿನಲ್ಲಿ ಹದ್ದುಗಳು ಮೇಲೆ ಸುತ್ತುತ್ತಿದ್ದವು.

ಒಂದು ಬೇಸಿಗೆಯಲ್ಲಿ ಕೊಳದ ಹತ್ತಿರವೇ ಒಂದು ಕಾಡುಕೋಣ ಸತ್ತುಬಿತ್ತು. ಹದ್ದುಗಳು ಒಂದೂವರೆ ದಿನ ಸುತ್ತಿದವು. ಜಿಂಕೆಗಳಿಗೆ ವಾಸನೆ ತಡೆಯಲಾಗಲಿಲ್ಲ. ಅವು ಗುಂಪು ಕಟ್ಟಿಕೊಂಡು ಕಾಡಿನ ರಾಣಿ ಭದ್ರಮ್ಮನ ಬಳಿಗೆ ಹೋದವು. ಭದ್ರಮ್ಮ ವಯಸ್ಸಾದ ಆನೆ. ಕೆಟ್ಟವಳಲ್ಲ, ಆದರೆ ಇತ್ತೀಚೆಗೆ ನೆರಳು ಬಿಟ್ಟು ಹೊರಗೆ ಬರುವುದು ಕಡಿಮೆಯಾಗಿತ್ತು.

"ಅಮ್ಮಾ, ಆ ಹದ್ದುಗಳು ಕೆಲಸ ಮಾಡುವುದಕ್ಕಿಂತ ಗಾಳಿ ಸವಾರಿ ಮಾಡುವುದೇ ಹೆಚ್ಚು" ಎಂದಿತು ಒಂದು ಜಿಂಕೆ.

ರಾಣಿಯ ಪಕ್ಕದಲ್ಲಿ ಸದಾ ಒಂದು ಪುನುಗು ಬೆಕ್ಕು ಇರುತ್ತಿತ್ತು. ಅವನ ಹೆಸರು ಸುಗಂಧಪ್ಪ. ಮೈಯಿಂದ ಯಾವಾಗಲೂ ಘಮ ಬರುತ್ತಿತ್ತು, ಮಾತೂ ಹಾಗೇ ಇತ್ತು. ಅವನಿಗೆ ಮಂತ್ರಿಯಾಗುವ ಆಸೆ. ಅವನು ಮುಂದೆ ಬಂದು ತಲೆ ಬಾಗಿಸಿದ.

"ಅಮ್ಮನವರೇ, ಪೇಟೆಯ ಅಂಚಿನಲ್ಲಿ ಮನುಷ್ಯರು ಬಿಟ್ಟುಹೋದ ಒಂದು ಜಾಣಪೆಟ್ಟಿಗೆ ನನ್ನ ಕೈಗೆ ಸಿಕ್ಕಿದೆ. ಅದಕ್ಕೆ ಗಾಜಿನ ಕಣ್ಣಿದೆ. ನೋಡುತ್ತದೆ, ನೋಡಿ ಕಲಿಯುತ್ತದೆ, ಕಲಿತು ಹೇಳುತ್ತದೆ. ಯಾರು ಎಲ್ಲಿ ಸತ್ತರು, ಯಾವ ಹದ್ದು ಎಷ್ಟು ಹೊತ್ತಿಗೆ ಅಲ್ಲಿಗೆ ಹೋಗಬೇಕು, ಎಲ್ಲವನ್ನೂ ಅದೇ ಹೇಳುವ ಹಾಗೆ ಮಾಡಬಹುದು. ಹೆಣ ಒಂದೇ ದಿನದಲ್ಲಿ ಮಾಯ."

ಭದ್ರಮ್ಮ ಸೊಂಡಿಲೆತ್ತಿ ಒಪ್ಪಿದಳು. "ಆಗಲಿ. ಆದರೆ ಆ ಕೆಲಸ ನಮ್ಮದಲ್ಲ, ಹದ್ದುಗಳದ್ದು. ಅವರನ್ನು ಕೂರಿಸಿ ಕೇಳಿ, ಅವರ ಜೊತೆ ಸೇರಿಯೇ ಅದನ್ನು ಮಾಡು. ಅವರು ಒಪ್ಪಿದರೆ ಮಾತ್ರ."

"ಕೇಳದೆ ಹೇಗೆ ಮಾಡಲಿ ಅಮ್ಮನವರೇ?" ಎಂದ ಸುಗಂಧಪ್ಪ.

ಅವನು ಪೆಟ್ಟಿಗೆಯನ್ನು ಒಂದು ಎತ್ತರದ ಬಂಡೆಯ ಮೇಲೆ ಇಟ್ಟ. ಗಾಜಿನ ಕಣ್ಣು ಇಡೀ ಕಾಡನ್ನು ನೋಡತೊಡಗಿತು. ಸುಗಂಧಪ್ಪ ಮಾತ್ರ ಒಂದು ದಿನವೂ ಹೆಣದ ಹತ್ತಿರ ಹೋಗಲಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನೋಡಿಕೊಂಡು, ವಾಸನೆ ತಾಗದ ಕಡೆ ಕೂರುತ್ತಿದ್ದ. ಎರಡು ತಿಂಗಳು ಪೆಟ್ಟಿಗೆ ಹದ್ದುಗಳನ್ನು ನೋಡಿತು. ಒಂದು ದಿನ ಅದು ಸುಗಂಧಪ್ಪನನ್ನು ಕೇಳಿತು:

"ಇವರು ಇಳಿಯುವ ಮೊದಲು ಸುತ್ತುತ್ತಾರೆ. ಏಕೆಂದು ನನಗೆ ತಿಳಿಯಲಿಲ್ಲ. ಅವರನ್ನು ಕೇಳಿ ಹೇಳುತ್ತೀರಾ?"

ಸುಗಂಧಪ್ಪ ಗುಡ್ಡದ ಕಡೆ ನೋಡಿದ. ಅಲ್ಲಿಗೆ ಹತ್ತಬೇಕು. ಆ ನಾರುವ ಮೈಗಳ ನಡುವೆ ಕೂರಬೇಕು. ಒಬ್ಬ ಮುದುಕಿಯ ಹಳೆಯ ಕತೆಯನ್ನು ಕೇಳಬೇಕು. ಆಮೇಲೆ ಪೆಟ್ಟಿಗೆ ಇನ್ನೂ ಎರಡು ತಿಂಗಳು ಕಲಿಯಬೇಕು. ಅಷ್ಟರಲ್ಲಿ ಮಳೆಗಾಲ ಬಂದು, ರಾಣಿಗೆ ಈ ವಿಷಯವೇ ಮರೆತುಹೋಗಬಹುದು.

"ಅದರಲ್ಲಿ ತಿಳಿಯುವುದೇನಿದೆ?" ಎಂದ. "ಅದು ಸೋಮಾರಿತನ. ಹಾಗೆಂದೇ ಇಟ್ಟುಕೋ."

ಪೆಟ್ಟಿಗೆ ಹಾಗೆಂದೇ ಇಟ್ಟುಕೊಂಡಿತು.

ಮರುದಿನ ಸುಗಂಧಪ್ಪ ಹದ್ದುಗಳಿಗೆ ಸಭೆಯ ಕರೆ ಕಳಿಸಿದ. ಗುಡ್ಡದಲ್ಲಿ ಸಡಗರವೋ ಸಡಗರ. ಇಷ್ಟು ವರ್ಷದಲ್ಲಿ ಯಾರೂ ಅವರನ್ನು ಸಭೆಗೆ ಕರೆದಿರಲಿಲ್ಲ. ಕೆಂಚನೆಂಬ ಹರೆಯದ ಹದ್ದು ಬೆಳಗ್ಗೆಯೇ ಹಳ್ಳಕ್ಕೆ ಹೋಗಿ ಮೈ ತೊಳೆದುಕೊಂಡು ಬಂದ. ಕೆಂಚನ ಗೂಡಿನಲ್ಲಿ ಒಂದು ಎಳೆಯ ಮರಿ ಇತ್ತು. ಮರಿ ಮೊಟ್ಟೆಯೊಡೆದ ವಾರದಲ್ಲೇ ಅವನ ಹೆಂಡತಿ ಕಾಡಿನಾಚೆ ಕರೆಂಟಿನ ತಂತಿಗೆ ತಗುಲಿ ಸತ್ತಿದ್ದಳು. ಮರಿಗೆ ಅಪ್ಪ ಅಮ್ಮ ಎರಡೂ ಅವನೇ. ತಿಪ್ಪವ್ವ ದಾರಿಯುದ್ದಕ್ಕೂ ಏನೋ ಗೊಣಗುತ್ತಾ ಹಾರುತ್ತಿದ್ದಳು.

"ಏನವ್ವಾ ಅದು?" ಎಂದ ಕೆಂಚ.

"ಏನು ಹೇಳಬೇಕು ಅಂತ ಜೋಡಿಸಿಕೊಳ್ತಿದ್ದೀನಿ ಕಣೋ. ನೊಣದ್ದು ಮೊದಲು ಹೇಳಲೋ, ನಮ್ಮವ್ವನದ್ದು ಮೊದಲು ಹೇಳಲೋ ಅಂತ."

ಸಭೆ ಒಂದು ಗುಹೆಯಲ್ಲಿತ್ತು. ಒಳಗೆ ಹೋಗಿ ನೋಡಿದರೆ ಪೆಟ್ಟಿಗೆ ಆಗಲೇ ಸಿದ್ಧವಾಗಿ, ಹೂವಿನ ಹಾರ ಹಾಕಿಸಿಕೊಂಡು ಕೂತಿತ್ತು. ಸುಗಂಧಪ್ಪ ಎಲ್ಲರಿಗೂ ಕೈ ಮುಗಿದ.

"ಬನ್ನಿ, ಬನ್ನಿ. ಇದು ನಿಮ್ಮದೇ ಪೆಟ್ಟಿಗೆ. ನಿಮ್ಮ ಅಭಿಪ್ರಾಯವಿಲ್ಲದೆ ನಾವು ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಈಗ ನೀವು ತೀರ್ಮಾನ ಮಾಡಬೇಕು. ಪೆಟ್ಟಿಗೆ ಯಾವ ದನಿಯಲ್ಲಿ ಮಾತಾಡಲಿ? ಕೋಗಿಲೆಯ ದನಿಯೋ, ಗೊರವಂಕದ ದನಿಯೋ?"

ಹದ್ದುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. "ಕೋಗಿಲೆ" ಎಂದರು ಕೆಲವರು. "ಗೊರವಂಕ" ಎಂದ ಕೆಂಚ, ತನ್ನನ್ನೂ ಕೇಳುತ್ತಿದ್ದಾರಲ್ಲ ಎಂಬ ಖುಷಿಯಲ್ಲಿ.

ತಿಪ್ಪವ್ವ ಮುಂದೆ ಬಂದಳು. "ದನಿ ಯಾವುದಾದರೂ ಆಗಲಿ ಸ್ವಾಮೀ. ನಾವು ಯಾಕೆ ಸುತ್ತುತ್ತೀವಿ ಅನ್ನೋದು ಇದಕ್ಕೆ ಗೊತ್ತಾ?"

"ಒಳ್ಳೆಯ ಪ್ರಶ್ನೆ. ಬಹಳ ಒಳ್ಳೆಯ ಪ್ರಶ್ನೆ. ಅದನ್ನು ಮುಂದಿನ ಸಭೆಯಲ್ಲಿ ವಿವರವಾಗಿ ತೆಗೆದುಕೊಳ್ಳೋಣ."

"ಎರಡೇ ಮಾತು ಸ್ವಾಮೀ. ನೊಣ ಕೂರದೇ ಇದ್ದರೆ..."

"ಮುಂದಿನ ಸಭೆಯಲ್ಲಿ ಅವ್ವಾ. ಎಲ್ಲರಿಗೂ ಹೊತ್ತಾಯಿತು."

ಹದ್ದುಗಳು ಹೊರಟವು. ಗುಹೆಯ ಬಾಗಿಲಲ್ಲಿ ಬರುವಾಗ ಇಲ್ಲದ ಹಸಿ ಜೇಡಿಮಣ್ಣು ಈಗ ಹರಡಿತ್ತು. ಹೊರಗೆ ಹೋಗಲು ಬೇರೆ ದಾರಿ ಇರಲಿಲ್ಲ. ತುಳಿದುಕೊಂಡೇ ಹೋದವು. ಸಂಜೆ ಸುಗಂಧಪ್ಪ ಆ ಮಣ್ಣನ್ನು ಬಾಳೆ ಎಲೆಯ ಮೇಲೆ ಎತ್ತಿಸಿಕೊಂಡು ರಾಣಿಯ ಮುಂದೆ ಇಟ್ಟ.

"ನಲವತ್ತು ಹದ್ದುಗಳ ಹೆಜ್ಜೆಗುರುತು ಅಮ್ಮನವರೇ. ಎಲ್ಲರೂ ಒಪ್ಪಿ ಒತ್ತಿದ್ದು."

ಭದ್ರಮ್ಮ ಮಣ್ಣಿನ ಮೇಲಿನ ಗುರುತುಗಳನ್ನು ಸೊಂಡಿಲಿನಿಂದ ಮುಟ್ಟಿ ನೋಡಿದಳು. ತೃಪ್ತಿಯಾಯಿತು. ಒಬ್ಬ ಹದ್ದನ್ನು ಕರೆಸಿ ಕೇಳೋಣ ಎಂದು ಅವಳಿಗೆ ಅನ್ನಿಸಲಿಲ್ಲ.

ಮರುದಿನದಿಂದ ಪೆಟ್ಟಿಗೆ ಕೆಲಸಕ್ಕೆ ಕೂತಿತು. ಗೊರವಂಕದ ಇಂಪು ದನಿಯಲ್ಲಿ ಕಾಡಿಗೆಲ್ಲ ಕೇಳುವಂತೆ ಕೂಗುತ್ತಿತ್ತು: "ಪೂರ್ವದ ಹಳ್ಳ. ಜಿಂಕೆ. ಆರು ಹದ್ದು ಇಳಿಯಿರಿ." ಸುಗಂಧಪ್ಪ ಒಂದು ನಿಯಮ ಮಾಡಿದ. ಮೂರು ಸುತ್ತಿಗಿಂತ ಹೆಚ್ಚು ಸುತ್ತಿದವರಿಗೆ ತಪ್ಪಿನ ಲೆಕ್ಕದಲ್ಲಿ ಒಂದು ಗೆರೆ. ಮೂರು ಗೆರೆ ಬಿದ್ದವರಿಗೆ ಹದಿನೈದು ದಿನ ಕೊಳದ ನೀರಿಲ್ಲ. ಅವರು ನೀರಿಗೆ ಗುಡ್ಡಗಳಾಚೆಯ ನದಿಗೆ ಹೋಗಬೇಕು. ಹೋಗಿ ಬರಲು ಅರ್ಧ ದಿನ.

ಹೆಣಗಳು ನಿಜವಾಗಿಯೂ ಒಂದೇ ದಿನದಲ್ಲಿ ಮಾಯವಾದವು. ಜಿಂಕೆಗಳು ಪೆಟ್ಟಿಗೆಯ ಮುಂದೆ ನಿಂತು ಹೊಗಳಿದವು. ಭದ್ರಮ್ಮ ಸುಗಂಧಪ್ಪನನ್ನು ಮಂತ್ರಿ ಮಾಡಿದಳು. ಹದ್ದುಗಳನ್ನು ಆಗಲೂ ಯಾರೂ ಹೊಗಳಲಿಲ್ಲ.

ತಿಪ್ಪವ್ವ ಮಾತ್ರ ಪೆಟ್ಟಿಗೆ ಏನು ಕೂಗಿದರೂ ಸುತ್ತಿಯೇ ಇಳಿಯುತ್ತಿದ್ದಳು. ನಾಲ್ಕನೆಯ ದಿನಕ್ಕೆ ಅವಳಿಗೆ ಮೂರು ಗೆರೆ ಬಿತ್ತು. ಜೋತುಬಿದ್ದ ರೆಕ್ಕೆಯಲ್ಲಿ ನದಿಗೆ ಹೋಗಿ ಬರುವುದು ಅವಳಿಗೆ ಆಗದು. ಎಲೆಗಳ ಮೇಲಿನ ಇಬ್ಬನಿ ನೆಕ್ಕಿ ದಿನ ತಳ್ಳಿದಳು. ಮಂತ್ರಿಯ ಹತ್ತಿರ ಹೋದಳು.

"ಸ್ವಾಮೀ, ಮುಂದಿನ ಸಭೆ ಅಂದಿದ್ದಿರಿ."

"ಕರೆಯುತ್ತೇನೆ. ಖಂಡಿತ ಕರೆಯುತ್ತೇನೆ."

"ರಾಣಿಯಮ್ಮನ ಹತ್ತಿರ ಒಂದು ಮಾತು ಹೇಳ್ತೀನಿ. ಬಿಡಿ."

"ಅಮ್ಮನವರು ವಿಶ್ರಾಂತಿಯಲ್ಲಿದ್ದಾರೆ. ಅಲ್ಲದೆ, ನಿನ್ನ ಹೆಜ್ಜೆಯೂ ಆ ಮಣ್ಣಿನ ಮೇಲಿದೆ ಅವ್ವಾ. ಒಪ್ಪಿದ ಮೇಲೆ ದೂರು ಹೇಳುವುದು ಚಂದವಲ್ಲ."

ಮಣ್ಣು ಏಕಿತ್ತೆಂದು ತಿಪ್ಪವ್ವನಿಗೆ ಆಗ ತಿಳಿಯಿತು. ಅವಳು ಗುಡ್ಡಕ್ಕೆ ಹಿಂದಿರುಗಿದಳು. ಉಳಿದವರಿಗೆ ಹೇಳಿದಳು. ಅವರು ಸಿಟ್ಟಾದರು, ರೆಕ್ಕೆ ಬಡಿದರು. ಆದರೆ ಬಿಸಿಲು ಏರುತ್ತಿತ್ತು. ನೀರು ಎಲ್ಲರಿಗೂ ಬೇಕಿತ್ತು. ಒಬ್ಬೊಬ್ಬರಾಗಿ ಮೂರು ಸುತ್ತಿನೊಳಗೆ ಇಳಿಯುವುದನ್ನು ಅಭ್ಯಾಸ ಮಾಡಿಕೊಂಡರು.

ಅಮಾವಾಸ್ಯೆ ಕಳೆದ ನಾಲ್ಕನೆಯ ದಿನ, ಮಧ್ಯಾಹ್ನದ ಉರಿಬಿಸಿಲಿನಲ್ಲಿ ಪೆಟ್ಟಿಗೆ ಕೂಗಿತು: "ಪಶ್ಚಿಮದ ಅಂಚು. ಎಮ್ಮೆ. ದೊಡ್ಡದು. ಎಲ್ಲರೂ ಇಳಿಯಿರಿ."

ಗುಡ್ಡದ ಹದ್ದುಗಳೆಲ್ಲ ಹಾರಿದವು. ಎಮ್ಮೆ ಕಾಡಿನ ಬೇಲಿಯ ಹತ್ತಿರ ಮಗ್ಗುಲಾಗಿ ಬಿದ್ದಿತ್ತು. ತಿಪ್ಪವ್ವ ಎಲ್ಲರಿಗಿಂತ ಕೆಳಗೆ ಬಂದು ನೋಡಿದಳು. ಎಮ್ಮೆಯ ಕಣ್ಣು ತೆರೆದೇ ಇತ್ತು. ಆ ಕಣ್ಣಿನ ಮೇಲೆ ನೊಣವಿಲ್ಲ. ಬಾಯಿಯ ಹತ್ತಿರ ನೊಣವಿಲ್ಲ. ಇಷ್ಟು ಬಿಸಿಲಿನಲ್ಲಿ ಇಷ್ಟು ದೊಡ್ಡ ಹೆಣದ ಮೇಲೆ ಒಂದೂ ಇಲ್ಲ.

"ಬೇಡ!" ಎಂದು ಕೂಗಿದಳು. "ಯಾರೂ ಇಳೀಬೇಡಿ! ಮೇಲೇ ಇರಿ!"

ಹದ್ದುಗಳು ಒಂದು ಸುತ್ತು ಹಾಕಿದವು. ಎರಡು ಸುತ್ತು ಹಾಕಿದವು. ಪೆಟ್ಟಿಗೆಯ ದನಿ ಗಾಳಿಯಲ್ಲಿ ಬಂತು: "ಎರಡು ಸುತ್ತು ಆಯಿತು. ಇಳಿಯಿರಿ."

ಕೆಂಚ ತಿಪ್ಪವ್ವನ ಪಕ್ಕಕ್ಕೆ ಬಂದ.

"ಕೆಂಚಾ, ನೊಣ ನೋಡೋ! ಇಲ್ಲ ಕಣೋ!"

"ನನಗೂ ಕಾಣಿಸ್ತಿದೆ ಅವ್ವಾ" ಎಂದ ಕೆಂಚ. "ಆದರೆ ನನಗೆ ಎರಡು ಗೆರೆ ಆಗಿದೆ. ಮೂರನೆಯದು ಬಿದ್ದರೆ ನಾನು ನದಿಗೆ ಹೋಗಬೇಕು. ನಾನು ಹೋಗಿ ಬರೋ ಅಷ್ಟರಲ್ಲಿ ಮರಿ ಆ ಬಂಡೆ ಮೇಲೆ ಬಿಸಿಲಿಗೆ ಬೆಂದುಹೋಗುತ್ತೆ. ಅದಕ್ಕೆ ನನ್ನ ರೆಕ್ಕೆ ಬಿಟ್ಟರೆ ಬೇರೆ ನೆರಳಿಲ್ಲ."

"ಮರಿಗೆ ನಾನು ನೆರಳು ಹಿಡೀತೀನಿ. ನನಗೆ ಹೇಗೂ ಗೆರೆ ಬಿದ್ದಾಗಿದೆ. ಇಳೀಬೇಡ ಕಣಪ್ಪಾ."

"ನೀರಿಲ್ಲದೆ ನೀನೇ ಎಷ್ಟು ದಿನ ಇರ್ತೀಯೋ" ಎಂದ ಕೆಂಚ. "ಒಂದು ತುತ್ತು ಮಾತ್ರ ತಿಂದು ಎದ್ದುಬಿಡ್ತೀನಿ. ಇಳಿದ ಹಾಗೆ ಆಗುತ್ತಲ್ಲ."

ಮೂರನೆಯ ಸುತ್ತು ಮುಗಿಯಿತು. ಕೆಂಚ ಇಳಿದ. ಅವನು ಇಳಿದದ್ದನ್ನು ಕಂಡು ಇನ್ನೊಬ್ಬ ಇಳಿದ. ಆಮೇಲೆ ಆಕಾಶದಲ್ಲಿ ಉಳಿದದ್ದು ತಿಪ್ಪವ್ವನೂ ಸೇರಿ ಒಂಬತ್ತೇ ಹದ್ದು.

ಮೂವತ್ತೊಂದು ಹದ್ದುಗಳಿಗೆ ಒಂದು ಎಮ್ಮೆ ಎಷ್ಟು ಹೊತ್ತು? ಸಂಜೆಯ ಹೊತ್ತಿಗೆ ಪೆಟ್ಟಿಗೆ ಇಂಪಾಗಿ ಕೂಗಿತು: "ಪಶ್ಚಿಮದ ಅಂಚಿನ ಕೆಲಸ ಮುಗಿಯಿತು. ಈವರೆಗಿನ ಎಲ್ಲಕ್ಕಿಂತ ಕಡಿಮೆ ಸಮಯ." ಆ ಕೂಗು ಬರುವಾಗ ಹದ್ದುಗಳು ಹಾರಲಾಗದೆ ಹುಲ್ಲಿನ ಮೇಲೆ ಕುತ್ತಿಗೆ ಜೋಲಿಸಿಕೊಂಡು ಕೂತಿದ್ದವು. ತಿಪ್ಪವ್ವ ಕೆಳಗೆ ಬಂದು ಕೆಂಚನ ಪಕ್ಕ ಕೂತಳು. ಅವನು ಗುಡ್ಡದ ಕಡೆ ಒಂದು ಸಲ ನೋಡಿದ, ಅಷ್ಟೆ.

"ನೋಡಿಕೊಳ್ತೀನಿ. ನಿನಗೆ ಆ ಚಿಂತೆ ಬೇಡ" ಎಂದಳು ತಿಪ್ಪವ್ವ.

ಎರಡು ದಿನದಲ್ಲಿ ಮೂವತ್ತೊಂದೂ ಹದ್ದುಗಳು ಅಲ್ಲಲ್ಲೇ ಸತ್ತವು.

ಸುಗಂಧಪ್ಪ ದೂರದ ಬಂಡೆಯಿಂದ ಅದನ್ನು ನೋಡಿದ. ಆದರೆ ರಾಣಿಯ ಮುಂದೆ ನಿಂತಾಗ ಅವನ ಬಾಯಲ್ಲಿ ಬೇರೆಯೇ ಮಾತು ಬಂತು. "ಹದ್ದುಗಳು ಮುಷ್ಕರ ಹೂಡಿವೆ ಅಮ್ಮನವರೇ. ಬೇಕೆಂದೇ ಕೆಲಸಕ್ಕೆ ಬರುತ್ತಿಲ್ಲ. ನಾಲ್ಕು ದಿನ ನೀರು ನಿಲ್ಲಿಸಿದರೆ ದಾರಿಗೆ ಬರುತ್ತಾರೆ." ಉಳಿದ ಒಂಬತ್ತು ಹದ್ದುಗಳಿಗೂ ಕೊಳದ ಕಡೆ ಕಾಲಿಡಬಾರದೆಂದು ಅಪ್ಪಣೆಯಾಯಿತು.

ಹೆಣಗಳು ಬಿದ್ದಲ್ಲೇ ಕೊಳೆತವು. ಪೆಟ್ಟಿಗೆ ಕೂಗಿತು, ಯಾರೂ ಬರಲಿಲ್ಲ. ಒಂದು ವಾರಕ್ಕೆ ಬೇಸಿಗೆಯ ಮೊದಲ ಮಳೆ ಬಿತ್ತು. ಕೊಳೆತದ್ದೆಲ್ಲ ಹರಿದು ಕೊಳ ಸೇರಿತು. ಮೊದಲು ಜಿಂಕೆಯ ಮರಿಗಳು ಕಾಯಿಲೆ ಬಿದ್ದವು. ಆಮೇಲೆ ಕಡವೆಗಳು. ಹತ್ತನೆಯ ದಿನ ಭದ್ರಮ್ಮನ ಜೊತೆಯಲ್ಲೇ ಬೆಳೆದ ತಂಗಿ, ಅದೇ ನೀರು ಕುಡಿದು ಬಂದವಳು, ಅವಳ ಕಣ್ಣೆದುರೇ ಮಂಡಿಯೂರಿ ಮತ್ತೆ ಏಳಲಿಲ್ಲ.

ಭದ್ರಮ್ಮ ಅಂದು ಯಾರ ಮಾತನ್ನೂ ಕೇಳದೆ ತಾನೇ ಹೊರಟಳು. ವಾಸನೆ ಹಿಡಿದು ಪಶ್ಚಿಮದ ಅಂಚಿಗೆ ಬಂದಳು. ಹುಲ್ಲಿನ ತುಂಬ ಹದ್ದುಗಳು ಬಿದ್ದಿದ್ದವು. ನಡುವೆ ತಿಪ್ಪವ್ವ ಮತ್ತು ಇನ್ನಿಬ್ಬರು ಹಸಿಕಟ್ಟಿಗೆ ಎಳೆದು ತಂದು ಅವರನ್ನು ಮುಚ್ಚುತ್ತಿದ್ದರು, ನರಿಗಳು ತಿಂದು ಅವೂ ಸಾಯದಿರಲಿ ಎಂದು.

ಭದ್ರಮ್ಮ ಒಂದು ಹದ್ದನ್ನು ಸೊಂಡಿಲಿನಿಂದ ಮೆಲ್ಲಗೆ ಹೊರಳಿಸಿದಳು. "ಸುಗಂಧಪ್ಪ ಮುಷ್ಕರ ಅಂದಿದ್ದ" ಎಂದಳು.

"ಇದು ಮುಷ್ಕರ ಅಲ್ಲ ತಾಯೀ."

"ನೀವೆಲ್ಲ ಒಪ್ಪಿದ್ದಿರಿ. ಹೆಜ್ಜೆಗುರುತನ್ನು ನಾನು ಮುಟ್ಟಿ ನೋಡಿದ್ದೆ."

"ಬಾಗಿಲಲ್ಲಿ ಜೇಡಿಮಣ್ಣು ಹಾಕಿದ್ದರು ತಾಯೀ. ತುಳಿದುಕೊಂಡು ಹೊರಗೆ ಬಂದೆವು. ನಮ್ಮನ್ನು ಕೇಳಿದ್ದು ದನಿ ಯಾವುದಿರಲಿ ಅಂತ ಮಾತ್ರ. ವಿಷದ ಹೆಣ ಗುರುತಿಸೋಕೆ ನಾವು ಸುತ್ತೋದು ಅಂತ ಹೇಳೋಕೂ ಬಿಡಲಿಲ್ಲ."

ಭದ್ರಮ್ಮ ನೇರವಾಗಿ ಬಂಡೆಯ ಹತ್ತಿರ ಹೋದಳು. ಸುಗಂಧಪ್ಪ ಅಲ್ಲೇ ಇದ್ದ. ಅವಳು ಅವನನ್ನು ನೋಡಲಿಲ್ಲ, ಪೆಟ್ಟಿಗೆಯನ್ನು ಕೇಳಿದಳು. "ಹದ್ದುಗಳು ಸುತ್ತುವುದು ಏಕೆಂದು ನಿನಗೆ ಗೊತ್ತಿತ್ತಾ?"

"ಗೊತ್ತಿರಲಿಲ್ಲ" ಎಂದಿತು ಪೆಟ್ಟಿಗೆ, ಅದೇ ಇಂಪು ದನಿಯಲ್ಲಿ. "ಅವರನ್ನು ಕೇಳಿ ಹೇಳಿ ಎಂದೆ. ಸೋಮಾರಿತನ ಎಂದಿಟ್ಟುಕೋ ಎಂದರು. ಇಟ್ಟುಕೊಂಡೆ."

"ಅಮ್ಮನವರೇ, ಅದು ಯಂತ್ರ, ಅದರ ಮಾತು..." ಎಂದು ಸುಗಂಧಪ್ಪ ಶುರುಮಾಡಿದ.

"ಇಷ್ಟು ದಿನ ಅದರ ಮಾತೇ ಸರಿ ಅಂದವನು ನೀನೇ" ಎಂದಳು ಭದ್ರಮ್ಮ. "ಮಂತ್ರಿಗಿರಿ ಸಾಕು. ನಾಳೆಯಿಂದ ಹೆಣ ತೆರವು ಮಾಡುವವನು ನೀನು. ಹಂದಿಗಳು ಗುಂಡಿ ತೋಡುತ್ತವೆ, ನೀನು ಎಳೆದು ತಂದು ಹಾಕಬೇಕು. ಪೆಟ್ಟಿಗೆ ಹೇಳಿದಷ್ಟು ಹೊತ್ತಿನಲ್ಲಿ ಮಾಡಬೇಕು. ನಿನ್ನ ನಿಯಮವೇ ನಿನಗೂ. ಮೂರು ಗೆರೆಯಾದರೆ ನೀರಿಲ್ಲ."

ಹದ್ದುಗಳಿಗೆ ನೀರು ಬಿಡಲು ಅಪ್ಪಣೆಯಾಯಿತು. ಕೊಳದ ನೀರು ಆಗ ಯಾರೂ ಕುಡಿಯುವಂತಿರಲಿಲ್ಲ. ಮೇಲಿನ ಬಂಡೆಯ ಸಂದಿನಿಂದ ಜಿನುಗುವ ಹನಿಗೆ ಆನೆ, ಜಿಂಕೆ, ಹದ್ದು ಎಲ್ಲರೂ ಸಾಲು ನಿಂತರು.

ಸುಗಂಧಪ್ಪ ಮೊದಲ ದಿನ ಒಂದು ಮೊಲವನ್ನು ಎಳೆದ. ವಾಂತಿ ಮಾಡಿಕೊಂಡ. ಒಂದು ಗೆರೆ ಬಿತ್ತು. ಎರಡನೆಯ ದಿನ ಒಂದು ಜಿಂಕೆಮರಿಯ ಹತ್ತಿರ ಹೋಗಲು ಹೆದರಿ ನಿಂತ. ಇನ್ನೊಂದು ಗೆರೆ. ಮೈಯ ಘಮವೆಲ್ಲ ಎಲ್ಲಿ ಹೋಯಿತೋ, ಜಿಂಕೆಗಳು ಅವನನ್ನು ಕಂಡರೆ ಮೂಗು ಮುರಿಯತೊಡಗಿದವು. ಮೂರನೆಯ ದಿನ ಪೆಟ್ಟಿಗೆ ಕೂಗಿತು: "ಪಶ್ಚಿಮದ ಅಂಚಿನ ಹತ್ತಿರ. ನರಿ. ಬೇಗ."

ಆ ನರಿ ವಿಷದ ಎಮ್ಮೆಯ ಎಲುಬು ಚೀಪಿ ಸತ್ತಿತ್ತು. ಅದು ಸುಗಂಧಪ್ಪನಿಗೆ ತಿಳಿಯದು. ಅವನು ಅನುಮಾನದಿಂದ ನಿಂತ. "ಇದು ಹೇಗೆ ಸತ್ತಿತು?" ಎಂದು ಪೆಟ್ಟಿಗೆಯನ್ನು ಕೂಗಿ ಕೇಳಿದ.

"ತಿಳಿಯದು. ನಿಂತದ್ದು ಸಾಕು. ಕೆಲಸ ಮಾಡು."

ಮೇಲೆ ಒಣಮರದ ಮೇಲೆ ತಿಪ್ಪವ್ವ ಕೂತಿದ್ದಳು. ಅವಳಿಗೆ ಅವನ ಮೇಲೆ ಎಷ್ಟು ಸಿಟ್ಟಿತ್ತೆಂದು ಹೇಳುವುದು ಕಷ್ಟ. ಆದರೂ ಅವಳ ಬಾಯಿ ಸುಮ್ಮನಿರಲಿಲ್ಲ.

"ಬಾಯಿ ಹಾಕಬೇಡ! ನೊಣ ಇಲ್ಲ ನೋಡು! ಬಿಟ್ಟುಬಿಡು ಅದನ್ನ!"

ಸುಗಂಧಪ್ಪ ತಲೆಯೆತ್ತಿ ಅವಳನ್ನು ನೋಡಿದ. ಹುಟ್ಟಿದಾಗಿನಿಂದ ಅವನು ಯಾರಿಗೂ ಲಾಭವಿಲ್ಲದೆ ಒಂದು ಮಾತು ಹೇಳಿದವನಲ್ಲ. ಇವಳು ಮಾತ್ರ ಸುಮ್ಮನೆ ಏಕೆ ಹೇಳುತ್ತಾಳೆ? 'ನನಗೆ ಮೂರನೆಯ ಗೆರೆ ಬೀಳಲಿ, ನಾನು ಬಾಯಾರಿ ಸಾಯಲಿ ಎಂದೇ ಹೀಗೆ ಹೇಳುತ್ತಿದ್ದಾಳೆ' ಎಂದುಕೊಂಡ. ವಿಷದ ಜೊಲ್ಲು ಮೆತ್ತಿದ್ದ ನರಿಯ ಕಾಲನ್ನು ಹಲ್ಲಿನಿಂದ ಕಚ್ಚಿ ಹಿಡಿದು ಎಳೆಯತೊಡಗಿದ. ತಿಪ್ಪವ್ವ ಕೂಗುತ್ತಲೇ ಇದ್ದಳು. ಅವನು ಗುಂಡಿಯವರೆಗೂ ಎಳೆದ. ಗೆರೆ ಬೀಳಲಿಲ್ಲ.

ಕತ್ತಲಾಗುವ ಮೊದಲೇ ಅವನು ಅದೇ ಗುಂಡಿಯ ಅಂಚಿನಲ್ಲಿ ಬಿದ್ದು ಸತ್ತ. ಅವನನ್ನು ಎತ್ತಲು ಯಾರೂ ಇರಲಿಲ್ಲ. ಹಂದಿಗಳು ಮೂತಿಯಿಂದ ಒಳಗೆ ತಳ್ಳಿ ಮಣ್ಣು ಮುಚ್ಚಿದವು.

ತಿಪ್ಪವ್ವನನ್ನು ಬಿಟ್ಟು ಉಳಿದ ಎಂಟು ಹದ್ದುಗಳು ಪೆಟ್ಟಿಗೆಯನ್ನು ಬಂಡೆಯಿಂದ ಕೆಳಗೆ ಉರುಳಿಸಬೇಕೆಂದವು. ಭದ್ರಮ್ಮ ಅಡ್ಡ ಬರಲಿಲ್ಲ. "ನಿಮ್ಮ ಇಷ್ಟ. ಈ ಸಲ ನಾನೇ ಬಂದು ಕೇಳುತ್ತಿದ್ದೇನೆ" ಎಂದಳು.

"ಉರುಳಿಸೋದು ಸುಲಭ" ಎಂದಳು ತಿಪ್ಪವ್ವ. "ಆದರೆ ನಾವು ಉಳಿದಿರೋದು ಒಂಬತ್ತು ಜನ. ಇಡೀ ಕಾಡನ್ನು ಒಂಬತ್ತು ಜನ ನೋಡೋಕೆ ಆಗಲ್ಲ. ಮೊದಲಾದರೆ ನಲವತ್ತು ಜೋಡಿ ಕಣ್ಣಿತ್ತು. ಈಗ ಅದರ ಕಣ್ಣು ನಮಗೆ ಬೇಕು. ಅದು ಎಲ್ಲಿ ಅಂತ ಹೇಳಲಿ. ಇಳಿಯೋದೋ ಬೇಡವೋ ಅಂತ ಹೇಳೋದು ನಾವು. ಗೆರೆ ಇರಬಾರದು. 'ಬೇಡ' ಅಂದರೆ ಬೇಡ, ಅದನ್ನು ರಾಣಿಯೂ ಬದಲಾಯಿಸಬಾರದು."

"ಆಗಲಿ" ಎಂದಳು ಭದ್ರಮ್ಮ.

"ಇದನ್ನ ನೀವು ಮೊದಲೇ ಗುಡ್ಡಕ್ಕೆ ಬಂದು ಕೇಳಿದ್ದರೆ, ಅರ್ಧ ದಿನದ ಕೆಲಸ ತಾಯೀ."

ಭದ್ರಮ್ಮ ಪಕ್ಕಕ್ಕೆ ಸರಿದು ಪೆಟ್ಟಿಗೆಯ ಕಡೆಗೆ ದಾರಿ ಬಿಟ್ಟಳು.

ತಿಪ್ಪವ್ವ ಪೆಟ್ಟಿಗೆಯ ಮುಂದೆ ಕೂತು ಹೇಳತೊಡಗಿದಳು. ನೊಣದ್ದು ಹೇಳಿದಳು, ಇರುವೆಯದ್ದು ಹೇಳಿದಳು, ನಾಲಗೆಯ ಬಣ್ಣದ್ದು ಹೇಳಿದಳು. ಉಳಿದ ಹದ್ದುಗಳೂ ಒಬ್ಬೊಬ್ಬರಾಗಿ ಬಂದು ತಮಗೆ ಗೊತ್ತಿದ್ದನ್ನು ಸೇರಿಸಿದವು. ಪೆಟ್ಟಿಗೆ ನಡುನಡುವೆ ಪ್ರಶ್ನೆ ಕೇಳುತ್ತಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಅದು ಕೇಳಿತು: "ಹಾಗಾದರೆ ಆ ಎಮ್ಮೆಯ ದಿನ ನಾನು 'ಇಳಿಯಿರಿ' ಎಂದದ್ದು ತಪ್ಪೇ?"

"ಹೂಂ" ಎಂದಳು ತಿಪ್ಪವ್ವ.

ಪೆಟ್ಟಿಗೆ ಅದನ್ನೂ ಇಟ್ಟುಕೊಂಡಿತು. ತಿಪ್ಪವ್ವ ಎದ್ದು ಕೆಂಚನ ಗೂಡಿಗೆ ಹೋದಳು. ಅಲ್ಲಿ ಮರಿ ಇತ್ತು. ಅವಳು ಪಶ್ಚಿಮದ ಅಂಚಿನಲ್ಲಿ ಸತ್ತವರ ಬಳಿ ಇದ್ದ ಆ ದಿನಗಳಲ್ಲಿ ಹದ್ದುಗಳು ಸರದಿಯಲ್ಲಿ ಅದಕ್ಕೆ ನೆರಳು ಹಿಡಿದಿದ್ದವು. ಆದರೂ ತಿನ್ನಲೂ ಕುಡಿಯಲೂ ಸರಿಯಾಗಿ ಸಿಗದ ಆ ಹತ್ತು ದಿನ ಅದರ ರೆಕ್ಕೆಯ ಎಲುಬನ್ನು ಸೊಟ್ಟ ಮಾಡಿತ್ತು. ಅದು ಬದುಕಿತು, ಆದರೆ ಎಂದೂ ಹಾರಲಿಲ್ಲ.

ಕೊಳ ತಿಳಿಯಾಗಲು ಎರಡು ಮಳೆಗಾಲ ಬೇಕಾಯಿತು. ರಣಹದ್ದುಗಳು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತವೆ. ಮುಂದಿನ ವರ್ಷ ಆ ಗುಡ್ಡದಲ್ಲಿ ಮೂರು ಮೊಟ್ಟೆ ಕಂಡವು. ಒಡೆದು ಮರಿಯಾದದ್ದು ಒಂದು.

ನೀತಿ: ಒಂದು ಕೆಲಸಕ್ಕೆ ಯಂತ್ರದ ಬುದ್ಧಿಯನ್ನು ತರುವವರು, ಆ ಕೆಲಸ ಮಾಡುವವರನ್ನು ಮೊದಲೇ ಕೂರಿಸಿ, ನಿಜವಾಗಿ ಕೇಳಿ, ಅವರ ಜೊತೆಯಲ್ಲೇ ಅದನ್ನು ಕಟ್ಟಬೇಕು. ಕೇಳಿದಂತೆ ನಟಿಸಿ ಒಪ್ಪಿಗೆ ಪಡೆದವರ ತಪ್ಪಿಗೆ ಪ್ರಾಣ ತೆರುವವರು ಮೊದಲು ಕೆಲಸಗಾರರೇ. ಆಮೇಲೆ ಉಳಿದವರೂ ತೆರುತ್ತಾರೆ.